ಡ್ರೈಸೂಟ್ ಒಳಗೆ ನೀರು ಬರುತ್ತಿದೆಯೇ? ಸೀಲ್ ಬದಲಿಸುವ ಮುಂಚೆ ಇಷ್ಟು ನೋಡಿ

ಡ್ರೈಸೂಟ್ ಅಂದರೆ ನೀರು ಒಳಗೆ ಬಾರದ ಹಾಗೆ ಮಾಡಿದ ಡೈವಿಂಗ್ ಉಡುಪು. ಅದರ ಕತ್ತು ಮತ್ತು ಮಣಿಕಟ್ಟಿನಲ್ಲಿ ಚರ್ಮಕ್ಕೆ ಅಂಟಿ ಕೂತು ನೀರು ತಡೆಯುವ ಲೇಟೆಕ್ಸ್, ಸಿಲಿಕೋನ್ ಇಲ್ಲವೇ ನಿಯೋಪ್ರೀನ್ ರಬ್ಬರ್ ಪಟ್ಟಿಯೇ ಸೀಲ್. ತಣ್ಣೀರಿನ ಡೈವ್ ಮುಗಿಸಿ ಬಂದು ಜಿಪ್ ಎಳೆಯುತ್ತೀರಿ. ಒಳಗಿನ ಬಟ್ಟೆ ಒದ್ದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸೀಲ್ ಹೋಯಿತು, ಹೊಸದು ಹಾಕಿಸಬೇಕು. ಎಷ್ಟೋ ಸಲ ಈ ಊಹೆ ತಪ್ಪು. ಹೊಸ ಸೀಲ್ ಹಾಕಿಸಿದ ಮೇಲೂ ಅದೇ ತೋಳು, ಅದೇ ಜಾಗ ಒದ್ದೆಯಾಗುತ್ತದೆ. ನೀರು ಯಾವ ದಾರಿಯಲ್ಲಿ ಬಂತು ಅಂತ ಯಾರೂ ನೋಡಿರುವುದಿಲ್ಲ.

ಇದು ಬರೀ ಕಿರಿಕಿರಿಯ ವಿಷಯ ಅಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ನೀರು 4–5 ಡಿಗ್ರಿ ಇದ್ದಾಗ ಒಂದು ಲೋಟದಷ್ಟು ಒಳಗೆ ಬಂದರೂ ಅಂಡರ್‌ಸೂಟ್‌ನ (ಸೂಟ್ ಒಳಗೆ ಹಾಕುವ ಬೆಚ್ಚನೆಯ ಬಟ್ಟೆಯ) ಆ ಭಾಗ ಬೆಚ್ಚಗಿಡುವುದನ್ನು ನಿಲ್ಲಿಸುತ್ತದೆ. ಕೈ ಮರಗಟ್ಟಿದರೆ ವಾಲ್ವ್ ಒತ್ತುವುದಕ್ಕೂ ಬೆರಳು ಬಗ್ಗುವುದಿಲ್ಲ. ಅದಕ್ಕೇ ಈ ಹುಡುಕಾಟಕ್ಕೆ ಒಂದು ಸಂಜೆ ಕೊಟ್ಟರೂ ತಪ್ಪಿಲ್ಲ ಅನ್ನುತ್ತೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕತ್ತರಿ ಮತ್ತು ಅಂಟು ಕೊನೆಗೆ.

ಮೈಯೆಲ್ಲ ತೇವ, ಆದರೆ ಎಲ್ಲೂ ತೊಯ್ದಿಲ್ಲ

ಇದು ಸೋರಿಕೆ ಅಲ್ಲದೆಯೂ ಇರಬಹುದು. ದಪ್ಪ ಅಂಡರ್‌ಸೂಟ್ ಹಾಕಿಕೊಂಡು, ಸಿಲಿಂಡರ್ ಹೊತ್ತು ದಡದವರೆಗೆ ನಡೆದರೆ ಬೆವರು ಬಂದೇ ಬರುತ್ತದೆ. ನೀರಿಗೆ ಇಳಿದ ಮೇಲೆ ಸೂಟ್‌ನ ಬಟ್ಟೆ ತಣ್ಣಗಾಗುತ್ತದೆ. ಬೆವರಿನ ಆವಿ ಅದರ ಒಳಮೈಗೆ ತಾಗಿ ಹನಿಯಾಗುತ್ತದೆ. ಬೆನ್ನು, ಎದೆ, ತೊಡೆ ಎಲ್ಲ ಕಡೆ ಸಮನಾಗಿ ತೇವ ಇದ್ದರೆ ಮೊದಲು ಬೆವರನ್ನೇ ಅನುಮಾನಿಸಿ. ಮುಂದಿನ ಸಲ ನಿಧಾನವಾಗಿ ತಯಾರಾಗಿ, ಜಿಪ್ ಕೊನೆಗೆ ಹಾಕಿ, ವ್ಯತ್ಯಾಸ ನೋಡಿ.

ರುಚಿ ನೋಡಿ ಹೇಳುತ್ತೇನೆ ಅನ್ನುವವರಿದ್ದಾರೆ. ಬೆವರೂ ಉಪ್ಪು, ಸಮುದ್ರದ ನೀರೂ ಉಪ್ಪು. ಅದನ್ನು ನಂಬಬೇಡಿ.

ಒಂದೇ ಜಾಗ ಒದ್ದೆ

ಈಗ ಒದ್ದೆಯ ಗುರುತು ಓದಬೇಕು. ತಿಳಿ ಬೂದು ಬಣ್ಣದ ಒಳಬಟ್ಟೆ ಹಾಕಿಕೊಂಡು ಡೈವ್ ಮಾಡಿದರೆ ನೀರಿನ ದಾರಿ ಎದ್ದು ಕಾಣುತ್ತದೆ. ಸೂಟ್ ಬಿಚ್ಚಿದ ತಕ್ಷಣವೇ ನೋಡಿ. ಹತ್ತು ನಿಮಿಷ ಬಿಟ್ಟರೆ ಒದ್ದೆ ಹರಡಿ ಏನೂ ಗೊತ್ತಾಗುವುದಿಲ್ಲ.

ಎದೆಯ ನಡುವೆ ದುಂಡಗೆ ಒದ್ದೆಯಾಗಿದ್ದರೆ ಸೂಟ್‌ಗೆ ಗಾಳಿ ತುಂಬಿಸುವ ಇನ್‌ಫ್ಲೇಟರ್ ವಾಲ್ವ್ ನೋಡಿ. ತೋಳಿನ ಮೇಲ್ಭಾಗ, ಗಾಳಿ ಹೊರಬಿಡುವ ಡಂಪ್ ವಾಲ್ವ್ ಕೂತಿರುವ ಕಡೆ ಒದ್ದೆಯಾಗಿದ್ದರೆ ವಾಲ್ವ್ ಒಳಗೆ ಮರಳಿನ ಕಣವೋ ನೂಲಿನ ಎಳೆಯೋ ಸಿಕ್ಕಿಕೊಂಡಿರಬಹುದು. ಸಿಹಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಭುಜದ ಗುಂಟ ಇಲ್ಲವೇ ಎದೆಯ ಮೇಲೆ ಓರೆಯಾಗಿ ಗೆರೆ ಎಳೆದ ಹಾಗೆ ಒದ್ದೆಯಾಗಿದ್ದರೆ ಅದು ಜಿಪ್. ಕೊನೆಯ ಒಂದೆರಡು ಹಲ್ಲು ಪೂರ್ತಿ ಮುಚ್ಚದೆ ಉಳಿಯುವುದು ತುಂಬ ಸಾಮಾನ್ಯ. ಕಾಲು ಮಾತ್ರ ಒದ್ದೆಯಾಗಿದ್ದರೆ ಅವಸರಪಡಬೇಡಿ. ನೀರು ಎಲ್ಲಿಂದ ಬಂದರೂ ಕೊನೆಗೆ ಕಾಲಿಗೇ ಇಳಿಯುತ್ತದೆ, ಅಲ್ವಾ?

ಮಣಿಕಟ್ಟಿನಿಂದ ಮೊಣಕೈವರೆಗೆ, ಇಲ್ಲವೇ ಕತ್ತಿನಿಂದ ಕೆಳಕ್ಕೆ ಒದ್ದೆಯಾಗಿದ್ದರೆ ಆಗ ಸೀಲ್ ಕಡೆಗೆ ಬನ್ನಿ.

ಒಂದು ತೋಳು ಮಾತ್ರ ಮೊಣಕೈವರೆಗೆ ತೊಯ್ದಿದೆ

ಮೊದಲು ಸೀಲ್ ಅಡಿಯಲ್ಲಿ ಏನಾದರೂ ಸಿಕ್ಕಿಕೊಂಡಿತ್ತೇ ನೆನಪಿಸಿಕೊಳ್ಳಿ. ಅಂಡರ್‌ಸೂಟ್‌ನ ತೋಳಿನ ಅಂಚು, ಹೆಬ್ಬೆರಳಿಗೆ ಹಾಕುವ ದಾರದ ಕುಣಿಕೆ, ವಾಚ್ ಪಟ್ಟಿ, ಒಂದು ಕೂದಲು, ಯಾವುದಾದರೂ ಸಾಕು. ಬಟ್ಟೆಯ ಅಂಚು ಸೀಲ್ ಅಡಿಗೆ ಹೋದರೆ ಅದು ದೀಪದ ಬತ್ತಿಯ ಹಾಗೆ ನೀರನ್ನು ಎಳೆದುಕೊಳ್ಳುತ್ತದೆ. ನಾನು ಮೂರು ಡೈವ್ ಪೂರ್ತಿ ಬಲಗೈ ಸೀಲ್ ಹಾಳಾಗಿದೆ ಅಂದುಕೊಂಡಿದ್ದೆ. ಹೊಸದನ್ನು ತಂದೂ ಇಟ್ಟಿದ್ದೆ. ಕೊನೆಗೆ ನೋಡಿದರೆ ಹೆಬ್ಬೆರಳ ಕುಣಿಕೆ ಸೀಲ್ ಅಡಿಯಲ್ಲಿ ಹಾಗೇ ಉಳಿದಿತ್ತು. ಸೂಟ್ ಹಾಕಿಕೊಂಡ ಮೇಲೆ ಕುಣಿಕೆ ತೆಗೆದು, ಬಟ್ಟೆಯನ್ನು ಮೇಲಕ್ಕೆ ಸರಿಸಿ, ಸೀಲ್ ಬರಿಯ ಚರ್ಮದ ಮೇಲೆ ಚಪ್ಪಟೆಯಾಗಿ ಕೂತಿದೆಯೇ ಅಂತ ಬೆರಳಾಡಿಸಿ ನೋಡುವುದನ್ನು ಅವತ್ತಿನಿಂದ ಬಿಟ್ಟಿಲ್ಲ.

ಅಲ್ಲಿ ಎಲ್ಲ ಸರಿ ಇದ್ದರೆ ಕೈ ಮುಷ್ಟಿ ಮಾಡಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಒಳಬದಿಯಲ್ಲಿ ಹುರಿಯಂಥ ಎರಡು ಸ್ನಾಯುಬಂಧಗಳು ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಸಣ್ಣ ಕಾಲುವೆ. ಕ್ಯಾಮೆರಾ, ಟಾರ್ಚ್, ಹಗ್ಗ ಗಟ್ಟಿಯಾಗಿ ಹಿಡಿದಾಗೆಲ್ಲ ನೀರು ಆ ಕಾಲುವೆಯಲ್ಲೇ ಬರುತ್ತದೆ. ತೆಳ್ಳಗಿನ ಕೈ ಇರುವವರಿಗೆ ಈ ತೊಂದರೆ ಜಾಸ್ತಿ. ಇಲ್ಲಿ ಸೀಲ್ ಹಾಳಾಗಿಲ್ಲ, ಕೂತಿರುವ ಜಾಗ ಸರಿಯಿಲ್ಲ. ಮಣಿಮೂಳೆಯಿಂದ ಮೇಲಕ್ಕೆ, ಮುಂಗೈಯ ಮೆತ್ತಗಿನ ಭಾಗಕ್ಕೆ ಸೀಲ್ ಸರಿಸಿ ನೋಡಿ. ಅಷ್ಟಕ್ಕೆ ನಿಂತರೆ ಖರ್ಚಿಲ್ಲ. ನಿಲ್ಲದಿದ್ದರೆ ಚರ್ಮಕ್ಕೆ ಜಾಸ್ತಿ ಅಗಲ ತಾಗುವ, ಉದ್ದನೆಯ ಸೀಲ್ ಬೇಕು. ಮೆತ್ತಗಿನ ಸಿಲಿಕೋನ್ ಈ ಕಾಲುವೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬಿಗಿ ಹೆಚ್ಚಿಸಿದರೆ ಸೋರಿಕೆ ನಿಲ್ಲುತ್ತದೆ ಅಂತ ಒಂದು ಸೈಜ್ ಚಿಕ್ಕದು ತರಬೇಡಿ. ಬೆರಳು ಜೋಮು ಹಿಡಿಯುತ್ತದೆ, ಕಾಲುವೆ ಹಾಗೇ ಉಳಿಯುತ್ತದೆ.

ಡ್ರೈ ಗ್ಲೌಸ್ (ಕೈಗೆ ನೀರು ತಾಗದಂತೆ ಸೂಟ್‌ಗೆ ಜೋಡಿಸುವ ಕೈಗವಸು) ಹಾಕುವವರು ಇನ್ನೊಂದು ವಿಷಯ ಗಮನಿಸಿ. ಗ್ಲೌಸ್ ಒಳಗೆ ಗಾಳಿ ಹೋಗಲಿ ಅಂತ ಸೀಲ್ ಅಡಿಯಲ್ಲಿ ಸಣ್ಣ ನಳಿಗೆ ಇಲ್ಲವೇ ದಾರ ಇಡುವ ಪದ್ಧತಿ ಇದೆ. ಅದು ಕೆಲಸ ಮಾಡುತ್ತದೆ. ಆದರೆ ಗ್ಲೌಸ್‌ಗೆ ತೂತು ಬಿದ್ದರೆ ಆ ನೀರು ಅದೇ ದಾರಿಯಲ್ಲಿ ತೋಳಿಗೆ ಬರುತ್ತದೆ. ಒಳಗೆ ಸೀಲ್ ಇಲ್ಲದೆ ಬರೀ ರಿಂಗ್ (ಸೀಲ್ ಇಲ್ಲವೇ ಗ್ಲೌಸ್ ಸಿಕ್ಕಿಸಲು ಸೂಟ್‌ನ ತುದಿಗೆ ಕೂರಿಸುವ ಬಳೆ) ಮತ್ತು ಗ್ಲೌಸ್ ಹಾಕಿದರೆ ಇನ್ನೂ ಕಷ್ಟ, ತಡೆಯೇ ಇರುವುದಿಲ್ಲ. ಕೊರೆಯುವ ನೀರಿನಲ್ಲಿ ಒಳಸೀಲ್ ಬಿಟ್ಟು ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಕತ್ತಿನಿಂದ ಗುಳ್ಳೆ ಹೊರಡುತ್ತದೆ, ಹಿಂದೆಯೇ ತಣ್ಣೀರು ಇಳಿಯುತ್ತದೆ

ಇದು ಯಾವಾಗ ಆಗುತ್ತದೆ ನೋಡಿ. ಮೇಲೆ ಬರುವಾಗ, ನೆಟ್ಟಗೆ ನಿಂತಾಗ ಮಾತ್ರ ಆದರೆ ಸೀಲ್ ಮೇಲೆ ತಪ್ಪು ಹೊರಿಸಬೇಡಿ. ಸೂಟ್ ಒಳಗಿನ ಗಾಳಿ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಓಡುತ್ತದೆ. ಡಂಪ್ ವಾಲ್ವ್ ಬಿಗಿಯಾಗಿ ಮುಚ್ಚಿದ್ದರೆ, ಇಲ್ಲವೇ ಗಾಳಿ ಜಾಸ್ತಿ ತುಂಬಿದ್ದರೆ ಅದು ಕತ್ತಿನ ಸೀಲ್ ತಳ್ಳಿಕೊಂಡು ಹೋಗುತ್ತದೆ. ಆ ಸಂದಿನಲ್ಲಿ ನೀರು ಒಳಗೆ ಬರುತ್ತದೆ. ವಾಲ್ವ್ ಪೂರ್ತಿ ತೆರೆದು, ಆ ತೋಳನ್ನು ಸ್ವಲ್ಪ ಎತ್ತಿ, ಬೇಗ ಬೇಗ ಗಾಳಿ ಬಿಟ್ಟು ನೋಡಿ.

ಅಡ್ಡ ಮಲಗಿ ಈಜುವಾಗಲೂ, ತಲೆ ತಿರುಗಿಸಿದಾಗಲೂ ನೀರು ಬಂದರೆ ಸೀಲ್ ಅಂಚು ನೋಡಿ. ಉದ್ದ ಕೂದಲು, ತಲೆಗೆ ಹಾಕುವ ಹುಡ್‌ನ ಅಂಚು, ಅಂಡರ್‌ಸೂಟ್‌ನ ಕಾಲರ್ ಅದರ ಅಡಿಗೆ ಹೋಗಿರಬಹುದು. ಒರಟು ಗಡ್ಡದ ಮೊನೆ ಕತ್ತಿನವರೆಗೆ ಬೆಳೆದಿದ್ದರೂ ಸಣ್ಣದಾಗಿ ಸೋರುತ್ತದೆ. ಸೀಲ್ ಕೂರುವ ಜಾಗವನ್ನಷ್ಟೇ ಬೋಳಿಸಿದರೆ ಸಾಕು.

ನಿಯೋಪ್ರೀನ್ ಕತ್ತಿನ ಸೀಲ್ ಆದರೆ ಅದನ್ನು ಒಳಮುಖವಾಗಿ ಮಡಚಿದ್ದೀರಾ? ಮಡಚಿದಾಗ ಸೂಟ್ ಒಳಗಿನ ಗಾಳಿಯೇ ಅದನ್ನು ಕತ್ತಿಗೆ ಒತ್ತಿ ಹಿಡಿಯುತ್ತದೆ. ಮಡಚದೆ ಬಿಟ್ಟರೆ ಗಾಳಿ ಅದನ್ನು ಎತ್ತಿ ಹೊರಗೆ ಹೋಗುತ್ತದೆ. ಹೊಸಬರು ಇದನ್ನು ಮರೆಯುವುದು ಸಹಜ.

ಇಷ್ಟೆಲ್ಲ ನೋಡಿದ ಮೇಲೂ ನೀರು ಬಂದರೆ ಸೀಲ್ ಸಡಿಲ. ಲೇಟೆಕ್ಸ್ ಹಳೆಯದಾಗಿ ಹಿಗ್ಗಿರಬಹುದು, ಇಲ್ಲವೇ ಯಾರೋ ಜಾಸ್ತಿ ಕತ್ತರಿಸಿರಬಹುದು. ಕತ್ತರಿಸಿದ್ದನ್ನು ವಾಪಸ್ ಅಂಟಿಸಲು ಆಗದು. ಹೊಸದೇ ಬೇಕು.

ಕತ್ತು ಬಿಗಿ, ತಲೆ ಸುತ್ತು, ಕಣ್ಣು ಮಂಜು

ಇಲ್ಲಿ ಪರೀಕ್ಷೆ, ಹೊಂದಾಣಿಕೆ ಏನೂ ಬೇಡ. ತಕ್ಷಣ ನಿಲ್ಲಿಸಿ.

ಕತ್ತಿನ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ರಕ್ತದೊತ್ತಡ ಗಮನಿಸುವ ಜಾಗ ಇದೆ. ಹೊರಗಿನಿಂದ ಸೀಲ್ ಒತ್ತಿದರೆ ಅದು ರಕ್ತದೊತ್ತಡ ಏರಿದೆ ಅಂತ ತಪ್ಪು ತಿಳಿಯುತ್ತದೆ. ಹೃದಯದ ಬಡಿತ ನಿಧಾನ ಆಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಪ್ರಜ್ಞೆಯೂ ತಪ್ಪಬಹುದು. ನೀರಿನೊಳಗೆ ಪ್ರಜ್ಞೆ ತಪ್ಪುವುದೆಂದರೆ ಜೀವದ ಮಾತು. ದಡದಲ್ಲೇ ಹೀಗಾದರೆ ಎರಡು ಬೆರಳು ಹಾಕಿ ಸೀಲ್ ಹೊರಕ್ಕೆ ಎಳೆದು ಹಿಡಿಯಿರಿ, ಸೂಟ್ ಬಿಚ್ಚಿ. ನೀರಿನಲ್ಲಾದರೆ ಜೊತೆಗಾರರಿಗೆ ಸನ್ನೆ ಮಾಡಿ, ಡೈವ್ ಮುಗಿಸಿ ಮೇಲೆ ಬನ್ನಿ. ಸೀಲ್ ತೆಗೆದ ಮೇಲೂ ತಲೆ ಸುತ್ತು ಹೋಗದಿದ್ದರೆ, ಎದೆ ನೋವು ಇದ್ದರೆ, ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ ವೈದ್ಯರಿಗೆ ತೋರಿಸದೆ ಮತ್ತೆ ನೀರಿಗೆ ಇಳಿಯಬೇಡಿ.

ಹೊಸ ಸೀಲ್ ಬಿಗಿಯಾಗಿರುವುದು ಮಾಮೂಲಿ, ಹಿಗ್ಗುತ್ತದೆ ಬಿಡು ಅಂತ ಹೇಳುವವರ ಮಾತು ಕೇಳಬೇಡಿ. ಮನೆಯಲ್ಲೇ 15–20 ನಿಮಿಷ ಹಾಕಿಕೊಂಡು ಕೂತು ನೋಡಿ. ತಲೆ ಎರಡೂ ಕಡೆ ತಿರುಗಿಸಿ, ಎಂಜಲು ನುಂಗಿ. ಕಷ್ಟ ಆದರೆ ಲೇಟೆಕ್ಸ್ ಸೀಲನ್ನು ಕತ್ತರಿಸಬೇಕು. ಅಂಚಿನ ಹತ್ತಿರ ಉಬ್ಬಿದ ಗೆರೆಗಳಿದ್ದರೆ ಒಂದು ಸಲಕ್ಕೆ ಒಂದೇ ಗೆರೆ. ಮತ್ತೆ ಹಾಕಿ ನೋಡಿ, ಬೇಕಾದರೆ ಇನ್ನೊಂದು. ಉದ್ದ ಅಲಗಿನ ಹರಿತವಾದ ಕತ್ತರಿ ಬೇಕು, ಒಬ್ಬರು ಸೀಲ್ ಹಿಗ್ಗಿಸಿ ಹಿಡಿದುಕೊಳ್ಳಬೇಕು. ಅಂಚಿನಲ್ಲಿ ಚಿಕ್ಕ ಮೆಟ್ಟಿಲಿನಂಥ ಕಚ್ಚು ಉಳಿದರೂ ನಾಳೆ ಅಲ್ಲಿಂದಲೇ ಹರಿಯುತ್ತದೆ. ಸಿಲಿಕೋನ್‌ನಲ್ಲಿ ಇದು ಇನ್ನೂ ಖಂಡಿತ. ನಿಯೋಪ್ರೀನ್ ಸೀಲ್ ಕತ್ತರಿಸುವ ಬದಲು ಸರಿಯಾದ ಗಾತ್ರದ ದುಂಡು ಪಾತ್ರೆಗೋ ಸಿಲಿಂಡರಿಗೋ ಹಾಕಿ ರಾತ್ರಿಯಿಡೀ ಹಿಗ್ಗಲು ಬಿಡುತ್ತಾರೆ.

ಬೆರಳು ಜೋಮು, ಕೈ ಬಿಳಿಚಿದೆ

ಸೀಲ್ ತೆಗೆದು ಕೆಲವು ನಿಮಿಷ ಕೈ ಆಡಿಸಿ. ಜೋಮು ಬೇಗ ಇಳಿದು ಬಣ್ಣ ವಾಪಸ್ ಬಂದರೆ ಮಣಿಕಟ್ಟಿನ ಸೀಲ್ ಬಿಗಿ ಅಂತ ಅರ್ಥ. ರಕ್ತ ಓಡದ ಕೈ ಬೇಗ ತಣ್ಣಗೂ ಆಗುತ್ತದೆ.

ಇಳಿಯದಿದ್ದರೆ ಸೀಲ್ ವಿಷಯ ಮರೆತುಬಿಡಿ. ಡೈವ್ ಆದ ಮೇಲೆ ಜೋಮು ಉಳಿದುಕೊಂಡರೆ, ಕೈಕಾಲು ಬಲ ಕಳೆದುಕೊಂಡರೆ, ಕೀಲು ನೋಯುತ್ತಿದ್ದರೆ ಅದು ಡಿಕಂಪ್ರೆಶನ್ ಕಾಯಿಲೆ (ಮೇಲೆ ಬರುವಾಗ ಒತ್ತಡ ಇಳಿದು ಮೈಯೊಳಗೆ ಅನಿಲದ ಗುಳ್ಳೆ ಏಳುವುದು) ಇರಬಹುದು. ಚರ್ಮದ ದದ್ದಿಗೂ ಇದೇ ಮಾತು. ಸೀಲ್ ಕೂತ ಜಾಗದಲ್ಲಿ ಮಾತ್ರ ಬಳೆಯ ಹಾಗೆ ಕೆಂಪಾದರೆ ಅದು ಸೀಲಿನದ್ದು. ಹೊಟ್ಟೆ, ಬೆನ್ನು, ತೊಡೆಯ ಮೇಲೆ ಅಮೃತಶಿಲೆಯ ಗೆರೆಗಳ ಹಾಗೆ ನೇರಳೆ ಮಚ್ಚೆ ಎದ್ದರೆ ಅದಕ್ಕೂ ಸೀಲಿಗೂ ಸಂಬಂಧ ಇಲ್ಲ. ಆಕ್ಸಿಜನ್ ಕೊಡಿ, ತುರ್ತು ವೈದ್ಯಕೀಯ ಸಹಾಯಕ್ಕೆ ಫೋನ್ ಮಾಡಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಯ ಸಹಾಯವಾಣಿ ನಂಬರ್ ಮುಂಚೆಯೇ ಬರೆದಿಟ್ಟುಕೊಂಡಿರಿ.

ಸೀಲ್ ಅಡಿಯಲ್ಲಿ ತುರಿಕೆ

ಮೊದಲು ಸೀಲ್ ತೊಳೆದು, ಬೇರೆ ಪೌಡರ್ ಹಾಕಿ ನೋಡಿ. ಪರಿಮಳ ಇಲ್ಲದ ಟ್ಯಾಲ್ಕಂ ಇರಲಿ. ಪರಿಮಳದ ಎಣ್ಣೆ ರಬ್ಬರ್‌ಗೂ ಒಳ್ಳೆಯದಲ್ಲ. ಲೇಟೆಕ್ಸ್ ತಾಗಿದಾಗೆಲ್ಲ ತುರಿಸಿದರೆ, ಬೊಬ್ಬೆ ಎದ್ದರೆ ಅಲರ್ಜಿ ಇರಬಹುದು. ಅದು ಪ್ರತಿ ಸಲ ಹೆಚ್ಚಾಗುವ ಸಾಧ್ಯತೆ ಇದೆ. ಸಿಲಿಕೋನ್ ಇಲ್ಲವೇ ನಿಯೋಪ್ರೀನ್‌ಗೆ ಬದಲಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ ಅದು ತುರ್ತು ಪರಿಸ್ಥಿತಿ, ಆಸ್ಪತ್ರೆಗೆ ಹೋಗಿ.

ರಬ್ಬರ್ ಅಂಟಂಟಾಗಿದೆ, ಇಲ್ಲವೇ ಬಿರುಕು ಬಿಟ್ಟಿದೆ

ಲೇಟೆಕ್ಸ್ ಸೀಲನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಹಿಗ್ಗಿಸಿ. ಕೂದಲೆಳೆಯಂಥ ಗೀರು ಕಂಡರೆ, ಮುಟ್ಟಿದಾಗ ಬೆರಳಿಗೆ ಅಂಟಿದರೆ, ಹಿಗ್ಗಿದ ಮೇಲೆ ವಾಪಸ್ ಬರದಿದ್ದರೆ ಅದರ ಆಯಸ್ಸು ಮುಗಿದಿದೆ. ಸೂಟ್‌ಗೆ ಅಂಟಿಸಿರುವ ಅಂಚಿನ ಹತ್ತಿರ ವಿಶೇಷವಾಗಿ ನೋಡಿ, ಮಡಿಕೆ ಬೀಳುವುದು ಅಲ್ಲೇ. ಇದಕ್ಕೆ ರಿಪೇರಿ ಇಲ್ಲ. ಆರೋಗ್ಯವಾಗಿರುವ ಲೇಟೆಕ್ಸ್‌ನಲ್ಲಿ ಒಂದು ಸೂಜಿತೂತು ಆಗಿದ್ದರೆ ಸೈಕಲ್ ಟ್ಯೂಬ್‌ಗೆ ಹಾಕುವಂಥ ಪ್ಯಾಚ್ ತಾತ್ಕಾಲಿಕವಾಗಿ ಹಿಡಿಯುತ್ತದೆ. ಅಂಟಂಟಾದ ರಬ್ಬರ್‌ಗೆ ಯಾವ ಪ್ಯಾಚೂ ನಿಲ್ಲುವುದಿಲ್ಲ.

ಲೇಟೆಕ್ಸ್‌ಗೆ ಶತ್ರುಗಳು ಜಾಸ್ತಿ. ಬಿಸಿಲು, ಓಝೋನ್, ಎಣ್ಣೆ, ಸನ್‌ಸ್ಕ್ರೀನ್, ಪೆಟ್ರೋಲಿಯಂ ಜೆಲ್ಲಿ, ತಾಮ್ರ. ಕಂಪ್ರೆಸರ್, ವಿದ್ಯುತ್ ಮೋಟರ್ ಓಡುವ ಕೋಣೆಯಲ್ಲಿ ಸೂಟ್ ನೇತುಹಾಕಬೇಡಿ. ಮೋಟರ್‌ನ ಕಿಡಿಗಳಿಂದ ಓಝೋನ್ ಹುಟ್ಟುತ್ತದೆ. ಚೆನ್ನಾಗಿ ನೋಡಿಕೊಂಡರೂ ಇದು ಕೆಲವೇ ವರ್ಷ ಬಾಳುವ ವಸ್ತು.

ಸಿಲಿಕೋನ್ ಸೀಲ್ ಒಮ್ಮೆಲೇ ಹರಿಯಿತು

ಸಿಲಿಕೋನ್‌ಗೆ ಬಿಸಿಲು, ಓಝೋನ್ ಅಷ್ಟಾಗಿ ಏನೂ ಮಾಡುವುದಿಲ್ಲ. ಅದರ ದೌರ್ಬಲ್ಯ ಬೇರೆ. ಉಗುರು ತಾಗಿ ಒಂದು ಸಣ್ಣ ಗೀರು ಬಿದ್ದರೆ ಸಾಕು, ಮುಂದಿನ ಸಲ ಹಿಗ್ಗಿಸಿದಾಗ ಉದ್ದಕ್ಕೂ ಸೀಳುತ್ತದೆ. ಹರಿದ ಅಂಚು ನೋಡಿ. ಕಿವಿಯೋಲೆ, ಉಂಗುರ, ಉಗುರು ಇವೇ ಕಾರಣ ಇರುತ್ತವೆ. ಬೆರಳ ತುದಿಯಿಂದ ಚಿವುಟಿ ಎಳೆಯದೆ, ಬೆರಳುಗಳನ್ನು ಚಪ್ಪಟೆಯಾಗಿ ಒಳಗೆ ತೂರಿಸಿ ಅಗಲ ಮಾಡಿ ಹಾಕಿಕೊಳ್ಳಿ. ಜಾರಲಿಕ್ಕೆ ಸೋಪಿನ ನೀರು ಸಾಕು. ಸಿಲಿಕೋನ್ ಸ್ಪ್ರೇ ಬೇಡ, ಸಿಲಿಕೋನ್ ಎಣ್ಣೆ ಅದೇ ಜಾತಿಯ ರಬ್ಬರನ್ನು ಉಬ್ಬಿಸುತ್ತದೆ. ಆ ಸ್ಪ್ರೇ ಲೇಟೆಕ್ಸ್ ಸೀಲ್‌ಗೆ ಹಾಕಿದರೂ ಆಮೇಲೆ ಹೊಸ ಸೀಲ್ ಅಂಟಿಸುವಾಗ ಅಂಟು ಹಿಡಿಯುವುದಿಲ್ಲ.

ಹೊಸ ಸೀಲ್ ಹಾಕಿದ್ದೇನೆ, ರಿಂಗ್ ಹತ್ತಿರ ಸೋರುತ್ತಿದೆ

ಸೀಲ್ ತೆಗೆದು, ಅದು ಕೂರುವ ರಿಂಗ್‌ನ ತೋಡಿನಲ್ಲಿ ಬೆರಳಾಡಿಸಿ. ಮರಳು, ಕೂದಲು, ಅಂಡರ್‌ಸೂಟ್‌ನ ನೂಲು ಏನೇ ಇದ್ದರೂ ತೆಗೆದು, ಸಿಹಿ ನೀರಿನಲ್ಲಿ ತೊಳೆದು, ಸೀಲ್‌ನ ದಪ್ಪ ಅಂಚನ್ನು ಸುತ್ತಲೂ ಸಮನಾಗಿ ಕೂರಿಸಿ. ಒಂದು ಕಡೆ ಎಳೆದು, ಇನ್ನೊಂದು ಕಡೆ ಸುಕ್ಕು ಬಿಟ್ಟರೆ ಅಲ್ಲೇ ನೀರು.

ಆದರೂ ನಿಲ್ಲದಿದ್ದರೆ ಸೋಪಿನ ಪರೀಕ್ಷೆ ಮಾಡಿ. ಮಣಿಕಟ್ಟಿನ ಸೀಲ್‌ಗಳಿಗೆ ನುಣುಪಾದ ಬಾಟಲಿ, ಕತ್ತಿಗೆ ಚೆಂಡು ತುರುಕಿ. ಜಿಪ್ ಮತ್ತು ಡಂಪ್ ವಾಲ್ವ್ ಮುಚ್ಚಿ, ಸೂಟ್‌ಗೆ ಸ್ವಲ್ಪವೇ ಗಾಳಿ ತುಂಬಿಸಿ. ಮೆತ್ತಗಿನ ದಿಂಬಿನಷ್ಟು ಸಾಕು, ಬಿರುಸಾದರೆ ಜಿಪ್ ಹಾಳಾಗುತ್ತದೆ. ಸೋಪಿನ ನೀರು ಹಚ್ಚಿ. ಗುಳ್ಳೆ ಸೀಲ್ ಮತ್ತು ರಿಂಗ್ ನಡುವೆ ಎದ್ದರೆ ಕೂರಿಸಿದ್ದು ಸರಿಯಿಲ್ಲ. ರಿಂಗ್ ಮತ್ತು ಸೂಟ್ ನಡುವೆ ಎದ್ದರೆ ಅಂಟು ಬಿಟ್ಟಿದೆ. ಎರಡನೆಯದನ್ನು ಸೂಟ್ ರಿಪೇರಿ ಗೊತ್ತಿರುವವರಿಗೆ ಕೊಡಿ. ಅಂಟು ಒಣಗುವ ಸಮಯ, ಹಳೆಯ ಅಂಟು ಕೆರೆಯುವುದು, ಎಲ್ಲವೂ ಅಭ್ಯಾಸ ಬೇಡುವ ಕೆಲಸ.

ಹಾಗಾದರೆ ಯಾವ ಸೀಲ್?

ನಿಮ್ಮ ತೊಂದರೆ ಏನು ಅಂತ ಈಗ ಗೊತ್ತಾಗಿದೆ. ಆಯ್ಕೆ ಅದರ ಮೇಲೆ.

ಅಂಟಿಸಿದ ಲೇಟೆಕ್ಸ್ ಅಳತೆಗೆ ಕತ್ತರಿಸಲು ಸುಲಭ, ಚೆನ್ನಾಗಿ ಹಿಗ್ಗುತ್ತದೆ. ಆದರೆ ಹರಿದರೆ ಆ ಪ್ರವಾಸ ಮುಗಿಯಿತು. ನಿಯೋಪ್ರೀನ್ ಬೆಚ್ಚಗೆ, ಗಟ್ಟಿ. ಸ್ವಲ್ಪ ಜಿನುಗಬಹುದು, ಆಳಕ್ಕೆ ಹೋದಂತೆ ಅದು ಕುಗ್ಗಿ ತೆಳ್ಳಗಾಗುತ್ತದೆ. ಸಿಲಿಕೋನ್ ಮಾಮೂಲಿ ಅಂಟಿಗೆ ಹಿಡಿಯುವುದೇ ಇಲ್ಲ, ಹಾಗಾಗಿ ಅದಕ್ಕೆ ರಿಂಗ್ ಬೇಕೇ ಬೇಕು.

ತಣ್ಣೀರಿಗೆ ದೂರ ಹೋಗಿ ಡೈವ್ ಮಾಡುವವರಿಗೆ ನಾನು ಹೇಳುವುದು ರಿಂಗ್ ವ್ಯವಸ್ಥೆಯನ್ನೇ. ಸೀಲ್ ಹರಿದರೆ ದಡದಲ್ಲೇ, ಅಂಟಿಲ್ಲದೆ ಬದಲಿಸಬಹುದು. ಮೊದಲ ಸಲದ ಖರ್ಚು ಜಾಸ್ತಿ, ನಿಜ. ಒಂದು ಕತ್ತಿನ ಸೀಲ್, ಒಂದು ಜೊತೆ ಮಣಿಕಟ್ಟಿನ ಸೀಲ್ ಚೀಲದಲ್ಲಿ ಇಲ್ಲದಿದ್ದರೆ ಆ ಖರ್ಚು ಸುಮ್ನೆ ವ್ಯರ್ಥ.

ರಿಂಗ್ ಕೊಳ್ಳುವ ಮುಂಚೆ ಹಾಕಿ ನೋಡಿ. ಕೈ ಅಗಲ ಇರುವವರಿಗೆ ಚಿಕ್ಕ ದುಂಡು ರಿಂಗ್‌ನಲ್ಲಿ ಕೈ ತೂರುವುದಿಲ್ಲ, ಅಂಡಾಕಾರದ್ದು ಬೇಕು. ಭುಜ ಚಿಕ್ಕದಿರುವವರಿಗೆ ಕತ್ತಿನ ರಿಂಗ್ ಕೊರಳಿನ ಮೂಳೆಗೆ ಒತ್ತುತ್ತದೆ. ಹುಡ್‌ನ ಕೆಳಭಾಗ ರಿಂಗ್ ಮೇಲೆ ಸರಿಯಾಗಿ ಕೂರುತ್ತದೆಯೇ ನೋಡಿ. ಒಂದು ಕಂಪನಿಯ ಸೀಲ್ ಇನ್ನೊಂದರ ರಿಂಗ್‌ಗೆ ಕೂರುತ್ತದೆ ಅಂತ ನಂಬಿ ತರಿಸಬೇಡಿ. ಎಸ್‌ಐ ಟೆಕ್‌ನ ಕ್ವಿಕ್ ನೆಕ್‌ನಲ್ಲಿ ಗಟ್ಟಿ ರಿಂಗ್ ಸೀಲನ್ನು ಹಿಡಿಯುತ್ತದೆ. ಡಿಯುಐನ ಜಿಪ್‌ಸೀಲ್‌ನಲ್ಲಿ ಮೆತ್ತಗಿನ ಅಂಚುಗಳೇ ಒಂದಕ್ಕೊಂದು ಕೂಡುತ್ತವೆ. ರಿಂಗ್‌ನ ಹೆಸರು, ಸೀಲ್‌ನ ಸೈಜ್ ಎರಡನ್ನೂ ಸೂಟ್ ಚೀಲದ ಒಳಗೆ ಬರೆದಿಡಿ.

ನೀರಿನೊಳಗೇ ಸೀಲ್ ಹರಿದರೆ

ಕತ್ತಿನ ಸೀಲ್ ಹರಿದರೆ ಸೂಟ್ ಒಳಗಿನ ಗಾಳಿ ಅಲ್ಲಿಂದ ಹೊರಟು ತಣ್ಣೀರು ನುಗ್ಗುತ್ತದೆ. ತೇಲುವ ಬಲ ಕಡಿಮೆಯಾಗುತ್ತದೆ. ಸೂಟ್‌ಗೆ ಗಾಳಿ ತುಂಬಿಸುತ್ತಾ ಹೋಗಬೇಡಿ, ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಬಳಸಿ. ಜೊತೆಗಾರರಿಗೆ ತಿಳಿಸಿ, ಡೈವ್ ಅಲ್ಲಿಗೇ ಮುಗಿಸಿ, ನಿಮ್ಮ ಮಾಮೂಲಿ ನಿಧಾನದಲ್ಲೇ ಮೇಲೆ ಬನ್ನಿ. ನೀರಿನಿಂದ ಹೊರಬರುವಾಗ ಸೂಟ್ ತುಂಬ ಭಾರ ಆಗಿರುತ್ತದೆ. ತೂಕದ ಬೆಲ್ಟ್ ಮತ್ತು ಸಿಲಿಂಡರ್ ಮೊದಲು ಮೇಲಕ್ಕೆ ಕೊಡಿ, ಸಹಾಯ ಕೇಳಿ. ಮೈ ನಡುಗುತ್ತಿದ್ದರೆ ಒದ್ದೆ ಬಟ್ಟೆ ತೆಗೆದು, ಗಾಳಿ ಬೀಸದ ಕಡೆ ಬೆಚ್ಚಗೆ ಹೊದ್ದುಕೊಳ್ಳಿ. ನಡುಕ ನಿಂತು ಮಾತು ತೊದಲಿದರೆ, ಮಂಕು ಕವಿದರೆ ತಕ್ಷಣ ವೈದ್ಯರ ಸಹಾಯ ಬೇಕು.

ಸೀಲ್ ಬದಲಿಸಿದ ಮೇಲಿನ ಮೊದಲ ಡೈವ್ ಆಳಕ್ಕೆ ಬೇಡ. ಸುಲಭವಾಗಿ ಹೊರಬರಬಹುದಾದ ಕಡೆ, ಮೂರ್ನಾಲ್ಕು ಮೀಟರ್‌ನಲ್ಲಿ 20 ನಿಮಿಷ ಇದ್ದು, ತಲೆ ತಿರುಗಿಸಿ, ಮುಷ್ಟಿ ಬಿಗಿದು, ಕೈ ಮೇಲೆತ್ತಿ ನೋಡಿ. ದಡಕ್ಕೆ ಬಂದ ತಕ್ಷಣ ಅದೇ ಬೂದು ಒಳಬಟ್ಟೆಯ ಮೇಲೆ ಗುರುತು ಹುಡುಕಿ.